ಬೆಲ್ಲಕ್ಕೆ ಎಷ್ಟು ನೀರು?

ಬಿಸಿಲಿನಲ್ಲಿ ನಡೆದು ಮನೆಗೆ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಕೊಡುವುದು ನಮ್ಮ ಕಡೆಯ ಹಳೆಯ ಮರ್ಯಾದೆ. ಬಂದವರು ಗುರುತಿನವರೇ, ಪರವೂರಿನವರೇ ಎಂದು ವಿಚಾರಿಸುವುದು ಆಮೇಲಿನ ಮಾತು. ಈಗ ಬೆಲ್ಲದ ಜಾಗಕ್ಕೆ ಸಕ್ಕರೆ ಹಾಕಿದ ಚಾ ಬಂದಿದೆಯಾದರೂ ಮರ್ಯಾದೆ ಉಳಿದಿದೆ. ಆದರೆ ಬೆಲ್ಲವನ್ನೂ ನೀರನ್ನೂ ಒಂದೇ ಹರಿವಾಣದಲ್ಲಿಟ್ಟು ಕೊಡುತ್ತಿದ್ದ ನಾವು, ಆ ಬೆಲ್ಲದೊಳಗೆ ಎಷ್ಟು ನೀರು ಅಡಗಿದೆಯೆಂದು ಎಂದೂ ಲೆಕ್ಕ ಹಾಕಿದವರಲ್ಲ.

ಲೆಕ್ಕ ಹಾಕಿದ್ದು ಕೇಂದ್ರ ಸರಕಾರದ ನೀತಿ ಆಯೋಗ. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಬಗ್ಗೆ 2021ರಲ್ಲಿ ಹೊರಡಿಸಿದ ವರದಿಯಲ್ಲಿ ಅದು ಹೇಳಿರುವಂತೆ, ಒಂದು ಕಿಲೋ ಸಕ್ಕರೆಗೆ ಬೇಕಾದಷ್ಟು ಕಬ್ಬು ಬೆಳೆಯಲು 1,600ರಿಂದ 2,000 ಲೀಟರ್ ನೀರು ಬೇಕು. ಐದು ಗ್ರಾಮಿನ ಒಂದು ಚಮಚಕ್ಕೆ ಎಂಟರಿಂದ ಹತ್ತು ಲೀಟರ್ ಆಯಿತು. ಎರಡು ಚಮಚ ಸಕ್ಕರೆ ಹಾಕಿ ಒಂದು ಲೋಟ ಚಾ ಕುಡಿದವರು ಅದರೊಂದಿಗೆ ತುಂಬಿದ ಒಂದು ಕೊಡ ನೀರನ್ನೂ ಮುಗಿಸಿದ ಹಾಗೆ. ಆ ಕೊಡವನ್ನು ಯಾರ ಬಾವಿಯಿಂದ ತುಂಬಿಸಲಾಯಿತು ಎಂಬುದೇ ಇಂದು ನಾವು ಎತ್ತಬಯಸುವ ಪ್ರಶ್ನೆ.

ಕಬ್ಬು ಬೆಳೆಯದ ಜಿಲ್ಲೆಯ ಪತ್ರಿಕೆಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಕೇರಳದಲ್ಲಿ ಕಬ್ಬಿನ ಬೆಳೆ ಅತ್ಯಲ್ಪ. ತಿರುವಲ್ಲದ ಹಳೆಯ ಸಕ್ಕರೆ ಕಾರ್ಖಾನೆ ಸಕ್ಕರೆಯನ್ನು ಬಿಟ್ಟು ರಮ್ಮು ತಯಾರಿಸತೊಡಗಿ ವರ್ಷಗಳೇ ಸಂದವು. ನೆರೆಯ ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆಯೂ ಬಾಗಿಲು ಮುಚ್ಚಿ ಬಹಳ ಕಾಲವಾಗಿದೆ. ಕೇಳಬೇಕಾದ ಕಾರಣವೂ ಇದೇ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆ ಕಬ್ಬು ಬೆಳೆಯುವುದಿಲ್ಲ. ಸುಮಾರು 550 ಮಿಲಿಮೀಟರ್ ಮಳೆಯ ಸೊಲ್ಲಾಪುರ ಜಿಲ್ಲೆ ಬೆಳೆಯುತ್ತದೆ. ನಮ್ಮಲ್ಲಿ ಆಟಿ ತಿಂಗಳೊಂದರಲ್ಲೇ ಸುರಿಯುವಷ್ಟು ಮಳೆ ಅಲ್ಲಿ ಇಡೀ ವರ್ಷಕ್ಕೂ ಸಿಗುವುದಿಲ್ಲ. ಮಳೆ ಇರುವವರು ಕುಳಿತು ತಿನ್ನುತ್ತಿದ್ದೇವೆ, ಮಳೆ ಇಲ್ಲದವರು ನೀರು ಬಸಿದು ಕಳುಹಿಸುತ್ತಿದ್ದಾರೆ.

ಇನ್ನೊಂದು ಕಾರಣವೂ ಇದೆ. ಮಹಾಜನ ಆಯೋಗದ 1967ರ ವರದಿ ನಮ್ಮ ಮನೆಮನೆಯ ಮಾತು. ಚಂದ್ರಗಿರಿಯ ಉತ್ತರದ ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂದು ಹೇಳಿದ ಆ ವರದಿಯೇ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಮತ್ತು ಜತ್ತದ ಹಳ್ಳಿಗಳ ಬಗ್ಗೆಯೂ ಅದೇ ಮಾತನ್ನು ಹೇಳಿತ್ತು. ಒಂದೇ ವರದಿಯ ಪುಟಗಳಲ್ಲಿ ಉಳಿದುಹೋದ ನಾವು ಮತ್ತು ಅವರು ಒಬ್ಬರ ಕಷ್ಟವನ್ನು ಇನ್ನೊಬ್ಬರು ತಿಳಿದಿರಬೇಕಾದುದು ನ್ಯಾಯ.

ಸಿದ್ಧರಾಮನ ಕೆರೆಯ ಊರು

ಸೊಲ್ಲಾಪುರವೆಂದರೆ ಶರಣ ಸಿದ್ಧರಾಮನ ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಊರ ಜನರೊಂದಿಗೆ ಸೇರಿ ಅಲ್ಲಿ ಕೆರೆ ಕಟ್ಟಿಸಿದ ಪುಣ್ಯಾತ್ಮ ಆತ. ನೀರು ಅಪರೂಪವಾದ ನಾಡಿನಲ್ಲಿ ಕೆರೆ ಕಟ್ಟುವುದಕ್ಕಿಂತ ದೊಡ್ಡ ಪೂಜೆಯಿಲ್ಲವೆಂದು ತಿಳಿದ ಕಾಲವದು. ಆ ನಾಡಿನ ಬೆಳೆಯೂ ಆ ನಾಡಿನ ಮಳೆಗೆ ತಕ್ಕುದಾಗಿತ್ತು. ಕರಿಮಣ್ಣು ಹಿಡಿದಿಟ್ಟ ತೇವದಲ್ಲೇ ಹಿಂಗಾರಿನಲ್ಲಿ ಬೆಳೆಯುವ ಬಿಳಿಜೋಳ, ಅದರ ಜತೆಗೆ ಕಡಲೆ, ಕುಸುಬೆ. ಮಂಗಳವೇಢೆಯ ಜೋಳಕ್ಕೆ ಇಂದಿಗೂ ಹೆಸರಿದೆ. ದೇಶದ ಉದ್ದಗಲಕ್ಕೂ ಹಬ್ಬಿದ ಮಾಲದಂಡಿ ತಳಿಯನ್ನು ಆಯ್ದದ್ದು ಇದೇ ಜಿಲ್ಲೆಯ ಮೊಹೋಳದಲ್ಲಿ.

1980ರಲ್ಲಿ ಭೀಮಾ ನದಿಗೆ ಉಜನಿ ಅಣೆಕಟ್ಟು ಪೂರ್ತಿಯಾಯಿತು. ಬರಗಾಲದ ನಾಡಿಗೆ ನೀರು ಬಂತೆಂದು ಜನ ಹಿಗ್ಗಿದರು. ಆ ಹಿಗ್ಗು ಸಹಜವೇ. ಜೋಳದ ಹೊಲಗಳಿಗೆ ಒಂದೆರಡು ಸಲ ನೀರು ಕೊಟ್ಟು ಸಾವಿರಾರು ಹಳ್ಳಿಗಳ ಬೆಳೆಯನ್ನು ಗಟ್ಟಿ ಮಾಡುವಷ್ಟು ನೀರು ಅದರಲ್ಲಿತ್ತು. ಆದರೆ ಕಾಲುವೆಯ ಹಿಂದೆಯೇ ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆಗಳು ಬಂದವು, ಕಾರ್ಖಾನೆಗಳ ಹೊಟ್ಟೆ ತುಂಬಲು ಮತ್ತಷ್ಟು ಕಬ್ಬು ಬಂತು. ಇಂದು ಆ ಒಂದೇ ಜಿಲ್ಲೆಯಲ್ಲಿ ಮೂವತ್ತಕ್ಕೂ ಮಿಕ್ಕಿ ಸಕ್ಕರೆ ಕಾರ್ಖಾನೆಗಳಿವೆ. ಸೊಲ್ಲಾಪುರ ನಗರದ ನಲ್ಲಿಗಳೋ, ವರ್ಷಗಟ್ಟಲೆ ನಾಲ್ಕೈದು ದಿನಕ್ಕೊಮ್ಮೆ ಮಾತ್ರ ನೀರು ಕಂಡವು. 2024ರ ಬೇಸಿಗೆಯಲ್ಲಿ ಉಜನಿಯ ನೀರು ಕಾಲುವೆಗೆ ಹರಿಯಬಲ್ಲ ಮಟ್ಟಕ್ಕಿಂತಲೂ ಎಷ್ಟೋ ಕೆಳಕ್ಕೆ ಇಳಿಯಿತು.

ಕಬ್ಬು ಹೊಲದಲ್ಲಿ ನಿಲ್ಲುವುದು ಹನ್ನೆರಡರಿಂದ ಹದಿನೆಂಟು ತಿಂಗಳು. ಅದಕ್ಕೆ ಒಟ್ಟು 1,500ರಿಂದ 2,500 ಮಿಲಿಮೀಟರ್ ನೀರು ಬೇಕೆಂದು ಕೃಷಿತಜ್ಞರು ಹೇಳುತ್ತಾರೆ. ನಡುವಿನ 2,000ವನ್ನೇ ಹಿಡಿಯೋಣ. ಹಾಗೆಂದರೆ ಹೊಲದ ಮೇಲೆ ಎರಡು ಮೀಟರ್ ಎತ್ತರಕ್ಕೆ ನಿಲ್ಲುವ ನೀರು, ಎಕರೆಯೊಂದಕ್ಕೆ ಸುಮಾರು 80 ಲಕ್ಷ ಲೀಟರ್. ಸೊಲ್ಲಾಪುರದ ಒಂದು ವರ್ಷದ ಮಳೆ ಒಂದು ಹನಿಯೂ ಪೋಲಾಗದೆ ಆ ಎಕರೆಗೆ ಇಂಗಿದರೂ 22 ಲಕ್ಷ ಲೀಟರ್ ಆದೀತು. ಉಳಿದ 58 ಲಕ್ಷ ಲೀಟರ್ ಕಾಲುವೆಯಿಂದಲೋ ಕೊಳವೆಬಾವಿಯಿಂದಲೋ ಬರಬೇಕು.

58 ಲಕ್ಷ ಲೀಟರ್ ಎಂದರೆ ಎಷ್ಟು? 2016ರ ಬೇಸಿಗೆಯನ್ನು ನೆನಪಿಸಿಕೊಂಡರೆ ತಿಳಿಯುತ್ತದೆ. ಮರಾಠವಾಡದ ಲಾತೂರು ನಗರಕ್ಕೆ ಕುಡಿಯಲು ನೀರಿಲ್ಲದೆ, ನೀರು ತುಂಬುವ ಜಾಗಗಳಲ್ಲಿ ಜನ ಗುಂಪುಗೂಡದಂತೆ 144ನೆಯ ಸೆಕ್ಷನ್ ಜಾರಿಯಾಗಿತ್ತು. ಏಪ್ರಿಲಿನಲ್ಲಿ ಮುನ್ನೂರು ಕಿಲೋಮೀಟರಿಗೂ ದೂರದ ಮಿರಜದಿಂದ ರೈಲಿನಲ್ಲಿ ನೀರು ಬಂತು. ಮೊದಲ ರೈಲು ತಂದದ್ದು ಐದು ಲಕ್ಷ ಲೀಟರ್. ಆಮೇಲೆ ಐವತ್ತು ಟ್ಯಾಂಕುಗಳ ರೈಲು ಒಂದು ಸಲಕ್ಕೆ 25 ಲಕ್ಷ ಲೀಟರ್ ತರತೊಡಗಿತು. ಅಂಥ ಎರಡು ರೈಲುಗಳ ನೀರನ್ನು ಒಂದೇ ಎಕರೆ ಕಬ್ಬಿಗೆ ಸುರಿದರೂ ಸೊಲ್ಲಾಪುರದಲ್ಲಿ ಅದರ ದಾಹ ತೀರುವುದಿಲ್ಲ.

ನೀರು ಹೊರಟ ಮಿರಜ ಇರುವುದು ಸಾಂಗ್ಲಿ ಜಿಲ್ಲೆಯಲ್ಲಿ. ಕನ್ನಡದ ಹಳ್ಳಿಗಳಿರುವ ಜತ್ತ ತಾಲೂಕು ಕೂಡ ಅದೇ ಸಾಂಗ್ಲಿ ಜಿಲ್ಲೆಗೆ ಸೇರಿದ್ದು. ಕೃಷ್ಣೆಯ ದಂಡೆಯಲ್ಲಿ ಕಬ್ಬು ನೀರಿನಲ್ಲಿ ನಿಂತಿದ್ದರೆ, ಜತ್ತದ ಹಳ್ಳಿಗಳು ದಶಕಗಳ ಕಾಲ ಟ್ಯಾಂಕರಿನ ದಾರಿ ಕಾದವು. 2022ರ ನವೆಂಬರಿನಲ್ಲಿ ಗಡಿಯ ವಿವಾದ ಮತ್ತೆ ಕಾವೇರಿದಾಗ ಎರಡೂ ರಾಜ್ಯಗಳ ಮಂತ್ರಿಗಳಿಗೆ ಜತ್ತದ ಹೆಸರು ನೆನಪಾಯಿತು. ಆ ಹಳ್ಳಿಗಳವರು ಅದಕ್ಕೂ ವರ್ಷಗಳ ಹಿಂದೆಯೇ ಕರ್ನಾಟಕಕ್ಕೆ ಸೇರುವ ಮಾತೆತ್ತಿದ್ದು ಭಾಷೆಗಾಗಿ ಮಾತ್ರವಲ್ಲ, ನೀರಿಗಾಗಿ. ಗಡಿಗೆರೆಯ ಆಚೆ ಈಚೆ ಇರುವವರೆಲ್ಲರೂ ಯೋಚಿಸಬೇಕಾದ ಮಾತಿದು.

ರೈತನ ತಪ್ಪಲ್ಲ

ಇಷ್ಟು ಹೇಳಿದ ಮಾತ್ರಕ್ಕೆ ಕಬ್ಬು ಬೆಳೆಯುವ ರೈತನನ್ನು ನಾವು ದೂರುತ್ತಿದ್ದೇವೆಂದು ಯಾರೂ ತಿಳಿಯಬಾರದು. ಅವನ ಜಾಗದಲ್ಲಿ ನಾವಿದ್ದರೂ ಕಬ್ಬನ್ನೇ ನೆಡುತ್ತಿದ್ದೆವು. ಜೋಳಕ್ಕೆ ಸರಕಾರ ಬೆಂಬಲ ಬೆಲೆಯನ್ನು ಸಾರುತ್ತದೆ, ಆದರೆ ಆ ಬೆಲೆಗೆ ಕೊಳ್ಳುವವರು ಹೊಲದ ಬದಿಗೆ ಬರುವುದು ಅಪರೂಪ. ಕಬ್ಬಿಗಾದರೆ ಕಾನೂನಿನಂತೆ ನಿಗದಿಯಾದ ಬೆಲೆಯಿದೆ. 2025-26ರ ಹಂಗಾಮಿಗೆ ಶೇ. 10.25 ಇಳುವರಿಯ ಕಬ್ಬಿಗೆ ಕ್ವಿಂಟಲಿಗೆ 355 ರೂಪಾಯಿ ಗೊತ್ತುಪಡಿಸಲಾಗಿದೆ. ಕಡಿಯುವ ಆಳುಗಳನ್ನೂ ಲಾರಿಯನ್ನೂ ಕಾರ್ಖಾನೆಯೇ ಕಳುಹಿಸುತ್ತದೆ. ಹದಿನಾಲ್ಕು ದಿನಗಳೊಳಗೆ ಹಣ ಕೊಡಬೇಕೆಂದು 1966ರ ಆಜ್ಞೆಯಿದೆ. ಆಲಿಕಲ್ಲು ಬಿದ್ದರೂ ಕಬ್ಬು ಪೂರ್ತಿ ಕೈಬಿಡುವುದಿಲ್ಲ. ಮಗಳ ಮದುವೆಗೆ ದಿನ ಗೊತ್ತುಮಾಡಬಹುದಾದ ಬೆಳೆ ಆ ನಾಡಿನಲ್ಲಿ ಇದೊಂದೇ.

ಸಕ್ಕರೆ ಕಾರ್ಖಾನೆಗಳು ಒಳಿತು ಮಾಡಿಲ್ಲವೆಂದೂ ಅಲ್ಲ. ಕೃಷ್ಣರಾಜಸಾಗರದ ನೀರು ಬಂದ ಮೇಲೆ ಲೆಸ್ಲಿ ಕೋಲ್ಮನ್ನರ ಶ್ರಮದಿಂದ 1933ರಲ್ಲಿ ಸ್ಥಾಪನೆಯಾದ ಕಂಪೆನಿ ಮಂಡ್ಯವನ್ನು ಮಂಡ್ಯವಾಗಿಸಿತು. ವಿಠ್ಠಲರಾವ್ ವಿಖೆ ಪಾಟೀಲರೂ ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡ್ಗೀಳರೂ 1950ರ ಸುಮಾರಿಗೆ ಪ್ರವರಾ ತೀರದಲ್ಲಿ ಕಟ್ಟಿದ ಸಹಕಾರಿ ಕಾರ್ಖಾನೆ ಸಾಹುಕಾರರ ಹಿಡಿತದಿಂದ ಸಣ್ಣ ರೈತರನ್ನು ಬಿಡಿಸಲು ಹುಟ್ಟಿದ್ದು. ಅದರ ಲಾಭದಿಂದ ಶಾಲೆಗಳು ಎದ್ದವು, ಆಸ್ಪತ್ರೆಗಳು ಎದ್ದವು. ನಮ್ಮ ಅಡಿಕೆ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿಕೊಂಡದ್ದು ಏಕೆಂದು ಬಲ್ಲ ನಾವು ಆ ಸಾಧನೆಯನ್ನು ಹಗುರವಾಗಿ ಕಾಣಲಾರೆವು.

ಆದರೆ ಒಂದು ನದಿಯ ದಂಡೆಗೆ ಸರಿಯಾದುದು ಇನ್ನೊಂದು ಬಯಲಿಗೆ ಸರಿಯಾಗಬೇಕೆಂದಿಲ್ಲ. ಒಂದು ಕಾರ್ಖಾನೆ ತಂದ ಬದುಕನ್ನು ಮೂವತ್ತು ಕಾರ್ಖಾನೆಗಳು ಮೂವತ್ತು ಪಾಲು ಹೆಚ್ಚಿಸುವುದೂ ಇಲ್ಲ. ರೈತನಿಗೂ ಈಗ ಅದು ಗೊತ್ತಾಗಿದೆ. ಕಡಿಯುವ, ಸಾಗಿಸುವ ಖರ್ಚು ಅವನ ಬೆಲೆಯಿಂದಲೇ ಕಳೆದುಹೋಗುತ್ತದೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ಧರಣಿ ಕುಳಿತರು. ಕೊನೆಗೆ ಕರ್ನಾಟಕ ಸರಕಾರ 3,300ಕ್ಕೆ ಒಪ್ಪಂದ ಮಾಡಿಸಿತು. ಖಚಿತ ಬೆಲೆಯ ಬೆಳೆಯೆಂದು ಹಿಡಿದವರು ಆ ಬೆಲೆಗಾಗಿಯೇ ಹೆದ್ದಾರಿಯಲ್ಲಿ ರಾತ್ರಿ ಕಳೆಯಬೇಕಾಯಿತು.

ಬೇರೆ ಬೆಳೆಗೆ ಮರಳೋಣವೆಂದರೆ ಮಣ್ಣೂ ಸುಲಭವಾಗಿ ಬಿಡುವುದಿಲ್ಲ. ಕೃಷ್ಣಾ ತೀರದ ಕರಿಮಣ್ಣಿನಲ್ಲಿ ನೀರು ಬೇಗ ಬಸಿಯದು. ವರ್ಷವಿಡೀ ನೀರು ಹಾಯಿಸಿದಲ್ಲಿ ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಮಿರಜ, ಶಿರೋಳಗಳಿಂದ ಹಿಡಿದು ಈಚೆಗಿನ ಅಥಣಿ, ರಾಯಬಾಗ, ಜಮಖಂಡಿಗಳ ವರೆಗೆ ಇಂಥ ಜಮೀನು ಹಬ್ಬಿದೆ. ಆ ಕಡೆಯವರು ಅದನ್ನು ಸವಳು-ಜವಳು ಎನ್ನುತ್ತಾರೆ. ಮೇಲೆ ಬೂದಿ ಚೆಲ್ಲಿದಂತೆ ಬೆಳ್ಳಗೆ ಕಾಣುವ ಆ ನೆಲದಲ್ಲಿ ಜಾಲಿ ಬಿಟ್ಟರೆ ಬೇರೆ ಬರುವುದು ಕಷ್ಟ. ಶಿರೋಳದಲ್ಲಿ ಸಹಕಾರಿ ಕಾರ್ಖಾನೆಯೊಂದು ಮುಂದೆ ನಿಂತು, ರೈತರು ಒಟ್ಟಾಗಿ ಭೂಮಿಯಡಿಯಲ್ಲಿ ಕೊಳವೆ ಹೂಳಿ ಉಪ್ಪುನೀರನ್ನು ಬಸಿದು, ಅಂಥ ನೆಲವನ್ನು ಮತ್ತೆ ಉಳುಮೆಗೆ ತಂದಿದ್ದಾರೆ. ಅವರ ಶ್ರಮ ಮೆಚ್ಚತಕ್ಕದ್ದು. ನೀರನ್ನು ತರಲು ಒಮ್ಮೆ, ಹೊರಹಾಕಲು ಇನ್ನೊಮ್ಮೆ ಸಾಲ ಮಾಡಬೇಕಾದ ಬೆಳೆಯ ಲಾಭ ಎಷ್ಟೆಂದು ಮಾತ್ರ ಯಾರೂ ಲೆಕ್ಕ ಕೊಡುವುದಿಲ್ಲ.

ಕತ್ತಿಗೆ ಸಿಕ್ಕವರು

ಈ ಬೆಳೆಯ ಲೆಕ್ಕದಲ್ಲಿ ಹೆಸರೇ ಬಾರದವರು ಕಬ್ಬು ಕಡಿಯುವವರು. ಬೀಡ್ ಮತ್ತು ಅದರ ಸುತ್ತಿನ ಬರದ ಜಿಲ್ಲೆಗಳಿಂದ ದೀಪಾವಳಿಯ ಹೊತ್ತಿಗೆ ಲಕ್ಷಾಂತರ ಮಂದಿ ಊರು ಬಿಡುತ್ತಾರೆ. ಕೃಷ್ಣಾ ತೀರಕ್ಕೆ, ಸೊಲ್ಲಾಪುರಕ್ಕೆ, ಕರ್ನಾಟಕದ ಬೆಳಗಾವಿ, ಬಾಗಲಕೋಟೆಗಳಿಗೆ ಹೋಗಿ ಬೇಸಿಗೆಯ ನಡುವಿಗೆ ಹಿಂದಿರುಗುತ್ತಾರೆ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ಆಳೆಂದು ಲೆಕ್ಕ. ಆ ಲೆಕ್ಕಕ್ಕೆ ಅವರ ಮರಾಠಿಯಲ್ಲಿ ‘ಕೋಯ್ತಾ’ ಎಂದು ಹೆಸರು, ಎಂದರೆ ಕತ್ತಿ. ಮನುಷ್ಯರನ್ನು ಅವರ ಕೈಯ ಕತ್ತಿಯ ಹೆಸರಿನಿಂದ ಎಣಿಸುವ ಕೆಲಸವಿದು. ಹಂಗಾಮಿಗೆ ಮೊದಲೇ ಮುಕಾದಮನು ಅವರಿಗೆ ಮುಂಗಡ ಕೊಡುತ್ತಾನೆ. ಟನ್ನಿನ ಲೆಕ್ಕದಲ್ಲಿ ಕಡಿದು ಅದನ್ನು ತೀರಿಸಬೇಕು. ತೀರದಿದ್ದರೆ ಬಾಕಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಮಕ್ಕಳು ಶಾಲೆ ಬಿಟ್ಟು ಹೊಲದ ಬದಿಯ ಗುಡಿಸಲಿಗೆ ಬರುತ್ತಾರೆ. ದುಡಿಸಿಕೊಳ್ಳುವ ಕಾರ್ಖಾನೆಯ ಪುಸ್ತಕದಲ್ಲಿ ಇವರು ಕೆಲಸಗಾರರೇ ಅಲ್ಲ, ಮುಕಾದಮನ ಆಳುಗಳು.

ಒಂದು ದಿನ ಕೆಲಸ ತಪ್ಪಿದರೆ ಕೂಲಿ ಹೋಗುವುದಲ್ಲದೆ ದಂಡವನ್ನೂ ಕಟ್ಟಬೇಕು. ಮುಟ್ಟಾದರೂ ರಜೆಯಿಲ್ಲ, ಬಸುರಿಯಾದರೂ ಇಲ್ಲ. ಹೊಲದಲ್ಲಿ ಶೌಚಾಲಯವಿಲ್ಲ, ತೊಳೆದುಕೊಳ್ಳಲು ನೀರಿಲ್ಲ. ಕಬ್ಬಿಗೆ ಲಕ್ಷಗಟ್ಟಲೆ ಲೀಟರ್ ನೀರು ಹರಿಯುವ ಹೊಲದಲ್ಲಿ ಅದನ್ನು ಕಡಿಯುವ ಹೆಂಗಸಿಗೆ ಒಂದು ಬಾಲ್ದಿ ನೀರು ಸಿಗುವುದಿಲ್ಲ. ಹೊಟ್ಟೆನೋವು, ಸೋಂಕು ಎಂದು ಆಸ್ಪತ್ರೆಗೆ ಹೋದವರಿಗೆ ಗರ್ಭಕೋಶವನ್ನೇ ತೆಗೆಸಿಬಿಡಿ ಎಂಬ ಸಲಹೆ ಸಿಕ್ಕಿತು. ತೆಗೆಸಿದರು. 2019ರಲ್ಲಿ ಮಹಾರಾಷ್ಟ್ರ ಸರಕಾರ ನೇಮಿಸಿದ, ವಿಧಾನ ಪರಿಷತ್ತಿನ ನೀಲಂ ಗೋರ್ಹೆಯವರ ನೇತೃತ್ವದ ಸಮಿತಿಯ ಮುಂದೆ ಬಂದ ಲೆಕ್ಕ ಇದು: ಬೀಡ್ ಜಿಲ್ಲೆಯಲ್ಲಿ ವಿಚಾರಿಸಿದ 82,309 ಮಂದಿ ಕಬ್ಬು ಕಡಿಯುವ ಹೆಂಗಸರಲ್ಲಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಆರರಲ್ಲಿ ಒಬ್ಬರು. ಅವರಲ್ಲಿ ಬಹಳ ಮಂದಿಗೆ ನಲವತ್ತೂ ತುಂಬಿರಲಿಲ್ಲ.

ಈ ಅಂಕೆಯನ್ನು ಓದಿ ನಾವು ಬಹಳ ಹೊತ್ತು ಮುಂದಿನ ಸಾಲು ಬರೆಯಲಾರದೆ ಕುಳಿತೆವು. ಸಾಲ ತೀರಿಸಲು ಹೊಲ ಮಾರುವುದನ್ನು ಕಂಡಿದ್ದೇವೆ, ಚಿನ್ನ ಅಡವಿಡುವುದನ್ನು ಕಂಡಿದ್ದೇವೆ. ದಂಡ ತಪ್ಪಿಸಿಕೊಳ್ಳಲು ದೇಹದ ಅಂಗವನ್ನೇ ತೆಗೆಸಿಕೊಳ್ಳುವ ಸ್ಥಿತಿಯೂ ನಮ್ಮ ಕಾಲದಲ್ಲೇ ಬಂದಿದೆ. ಹಿಂದೆ, 1834ರಿಂದ ಬ್ರಿಟಿಷರು ನಮ್ಮ ದೇಶದ ಬಡವರನ್ನು ಕರಾರಿನ ಕೂಲಿಗಳಾಗಿ ಮೊರಿಶಸ್ಸಿನ ಕಬ್ಬಿನ ತೋಟಗಳಿಗೆ ಸಾಗಿಸಿದರು. ಆ ಪದ್ಧತಿಯನ್ನು ನಿಲ್ಲಿಸಲು ನಮ್ಮ ಹಿರಿಯರು ಹೋರಾಡಿದರು. ಈಗ ಹಡಗು ಇಲ್ಲ, ಪರಕೀಯರಿಲ್ಲ, ಟ್ರ್ಯಾಕ್ಟರಿನ ಹಿಂದೆ ಕುಳಿತು ನೂರಿನ್ನೂರು ಮೈಲಿ ಹೋದರೆ ಸಾಕು.

ಗೊತ್ತಿದ್ದೂ ನಡೆದದ್ದು

ಇದೆಲ್ಲ ತಿಳಿಯದೆ ಆದ ಅನಾಹುತವೇ? ಅಲ್ಲ. ಮಹಾರಾಷ್ಟ್ರದ ಬೆಳೆಭೂಮಿಯಲ್ಲಿ ಶೇ. 4ಕ್ಕಿಂತಲೂ ಕಡಿಮೆ ಪಾಲಿನಲ್ಲಿರುವ ಕಬ್ಬು ನೀರಾವರಿಯ ನೀರಿನಲ್ಲಿ ಸುಮಾರು ಶೇ. 70ರಷ್ಟನ್ನು ಕುಡಿಯುತ್ತದೆಂದು ಕಬ್ಬಿನ ಬೆಲೆಯನ್ನು ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವೇ ಹೇಳಿತು. ಕಾಲುವೆಯ ನೀರನ್ನು ಎಂಟು ತಿಂಗಳು ಮಾತ್ರ ಬಿಟ್ಟು ವರ್ಷವಿಡೀ ನಿಲ್ಲುವ ಬೆಳೆಗೆ ಕಡಿವಾಣ ಹಾಕಬೇಕೆಂಬ ನೀತಿಯನ್ನು ಮಹಾರಾಷ್ಟ್ರ 1980ರ ದಶಕದಲ್ಲೇ ಒಪ್ಪಿತ್ತು. ನೀರಿನ ಕೊರತೆಯಿರುವ ನದಿ ಕೊಳ್ಳಗಳಲ್ಲಿ ಕಬ್ಬು ಬೇಡವೆಂದು ಮಾಧವ ಚಿತಳೆಯವರ ಅಧ್ಯಕ್ಷತೆಯ ಆಯೋಗ 1999ರಲ್ಲಿ ಹೇಳಿತು. ಕಬ್ಬಿಗೆ ಹನಿ ನೀರಾವರಿ ಕಡ್ಡಾಯವೆಂದು 2017ರಲ್ಲಿ ಮಂತ್ರಿಮಂಡಲ ನಿರ್ಣಯಿಸಿತು. ಮರಾಠವಾಡದಲ್ಲಿ ಕಬ್ಬನ್ನು ನಿಲ್ಲಿಸಬೇಕೆಂದು 2019ರಲ್ಲಿ ಅಲ್ಲಿನ ವಿಭಾಗೀಯ ಆಯುಕ್ತರ ಕಚೇರಿಯೇ ಸರಕಾರಕ್ಕೆ ಬರೆಯಿತು. ಬುದ್ಧಿಮಾತಿಗೆ ಬರಗಾಲ ಇರಲಿಲ್ಲ. ಕಾರ್ಖಾನೆಯ ಅಧ್ಯಕ್ಷರೇ ಶಾಸಕರೂ ಮಂತ್ರಿಗಳೂ ಆಗುವ ನಾಡಿನಲ್ಲಿ ಅದನ್ನು ಕೇಳುವ ಕಿವಿಗಳು ಇರಲಿಲ್ಲ.

ಈಗ ಇನ್ನೊಬ್ಬ ಗಿರಾಕಿ ಬಂದಿದ್ದಾನೆ. 2018ರ ಜೈವಿಕ ಇಂಧನ ನೀತಿಯ ನಂತರ ಪೆಟ್ರೋಲಿಗೆ ಬೆರೆಸುವ ಎಥೆನಾಲಿನ ಪ್ರಮಾಣ ಏರುತ್ತ ಬಂದು 2025ರಲ್ಲಿ ಶೇ. 20 ತಲುಪಿತು. ಕಾಸರಗೋಡಿನ ಪೇಟೆಯಲ್ಲಿ ನಾವು ಸ್ಕೂಟರಿಗೆ ತುಂಬಿಸುವ ಪೆಟ್ರೋಲಿನಲ್ಲೂ ಐದರಲ್ಲೊಂದು ಪಾಲು ಅದೇ. ಅದೆಲ್ಲ ಕಬ್ಬಿನಿಂದ ಬಂದದ್ದಲ್ಲ, ಮೆಕ್ಕೆಜೋಳದ್ದೂ ಅಕ್ಕಿಯದೂ ಬಹಳವಿದೆ. ಆದರೆ ಕಬ್ಬಿನ ಒಂದು ಲೀಟರ್ ಎಥೆನಾಲಿಗೆ 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ ಅದೇ ವರದಿ ಹೇಳುತ್ತದೆ. ಆ ಲೆಕ್ಕದಲ್ಲಿ, ಬೆರೆಸಿದ್ದು ಕಬ್ಬಿನದೇ ಆದರೆ ಒಂದು ಲೀಟರ್ ಪೆಟ್ರೋಲಿನೊಂದಿಗೆ 570 ಲೀಟರ್ ನೀರೂ ಉರಿಯುತ್ತದೆ. ತಯಾರಿಯಲ್ಲಿ ಲೀಟರ್ ಒಂದಕ್ಕೆ ಎಂಟರಿಂದ ಹದಿನೈದು ಲೀಟರ್ ಕೊಳೆನೀರು ಹೊರಬರುತ್ತದೆ. 2023ರಲ್ಲಿ ಮಳೆ ಕೈಕೊಟ್ಟಾಗ ಡಿಸೆಂಬರಿನಲ್ಲಿ ಕೇಂದ್ರ ಸರಕಾರವೇ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದಕ್ಕೆ ತಡೆ ಹಾಕಿ, ಮರುವರ್ಷದ ಆಗಸ್ಟಿನಲ್ಲಿ ಸಡಿಲಿಸಿತು. ಮಳೆ ಬಂದಾಗ ಮರೆತು, ಬಾರದಾಗ ನೆನೆಯುವುದನ್ನು ನೀತಿ ಎನ್ನುವಂತಿಲ್ಲ.

ಉಂಡವರಿಗೇ ಗೊತ್ತು

ನಮಗೆ ಇದನ್ನು ಹೇಳುವ ಅರ್ಹತೆಯೊಂದಿದೆ. ಬಹಳ ದುಬಾರಿಗೆ ಸಂಪಾದಿಸಿದ ಅರ್ಹತೆ ಅದು. ನಮ್ಮ ಗುಡ್ಡೆಗಳ ಮೇಲೆ ಸರಕಾರದ ಗೇರು ತೋಟಗಳು ಹಬ್ಬಿದಾಗ ಕೆಲಸ ಸಿಗುತ್ತದೆ, ವಿದೇಶೀ ವಿನಿಮಯ ಬರುತ್ತದೆ ಎಂದರು. ಟೀ ಸೊಳ್ಳೆಯನ್ನು ಕೊಲ್ಲಲೆಂದು 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡೆಯ ಮೇಲೆ ಬಿದ್ದದ್ದು ತೋಡಿಗೆ ಇಳಿಯಿತು, ಸುರಂಗಕ್ಕೆ ಇಳಿಯಿತು, ಬಾವಿಗೆ ಇಳಿಯಿತು. ಪಡ್ರೆ, ಸ್ವರ್ಗಗಳ ಮನೆಗಳಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡೇ ಮುದುಕಿಯರಾದರು. ಸುಪ್ರೀಂ ಕೋರ್ಟು ಆ ವಿಷವನ್ನು ತಡೆದದ್ದು 2011ರಲ್ಲಿ. ಬಲಿಯಾದವರಿಗೆ ಐದು ಲಕ್ಷ ರೂಪಾಯಿಯಂತೆ ಮೂರು ತಿಂಗಳೊಳಗೆ ಕೊಡಬೇಕೆಂದು ಆಜ್ಞಾಪಿಸಿದ್ದು 2017ರಲ್ಲಿ. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ವಿಚಾರಿಸಿದಾಗ 3,704 ಮಂದಿಯ ಪೈಕಿ ಎಂಟು ಮಂದಿಗೆ ಮಾತ್ರ ಹಣ ತಲುಪಿತ್ತು.

ಗೇರು ಕೆಟ್ಟ ಬೆಳೆಯೆ? ಅಲ್ಲ. ಕಬ್ಬೂ ಕೆಟ್ಟ ಬೆಳೆಯಲ್ಲ. ಬೆಳೆಯ ಲಾಭವನ್ನು ಒಂದು ಪುಸ್ತಕದಲ್ಲೂ ಅದರ ನಷ್ಟವನ್ನು ಇನ್ನೊಬ್ಬರ ಮೈಯ ಮೇಲೂ ಬರೆಯುವುದೇ ಕೆಟ್ಟದ್ದು. ಗೇರುಬೀಜ ತಿಂದವರು ಪಡ್ರೆಯನ್ನು ನೋಡಿರಲಿಲ್ಲ. ಚಾ ಕುಡಿಯುವ ನಾವು ಬೀಡನ್ನು ನೋಡಿಲ್ಲ. ಅಂದು ದೂರದ ಊರುಗಳವರು ನಮ್ಮ ಮಾತಿಗೆ ಕಿವಿಗೊಡಲಿಲ್ಲವೆಂದು ನೊಂದವರು ನಾವು. ಇಂದು ಅದೇ ಕಿವುಡು ನಮ್ಮದಾಗಬಾರದು.

ನಮ್ಮ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪರರ ಎಲೆಯ ನೊಣ ಹುಡುಕುತ್ತಿದ್ದೇವೆ ಎಂದು ಯಾರಾದರೂ ಆಡಿಕೊಂಡರೆ ಅದನ್ನೂ ಒಪ್ಪುತ್ತೇವೆ. ಬಯಲಿನ ಗದ್ದೆಗಳು ಅಡಿಕೆ ತೋಟಗಳಾದಾಗ ನಾವೂ ಬೆಲೆಯೊಂದನ್ನೇ ನೋಡಿದೆವು. ಸುರಂಗದ ನೀರು ಸಾಲದೆಂದು ಕೊಳವೆಬಾವಿ ಕೊರೆಸಿದೆವು, ಅದು ಬತ್ತಿದಾಗ ಇನ್ನೂ ಆಳಕ್ಕೆ ಕೊರೆಸಿದೆವು. ಆದರೂ ಮಳೆಗಾಲ ಕಳೆದ ಮೇಲೆ ಹತ್ತು ಮನೆಯವರು ಸೇರಿ ತೋಡಿಗೆ ಕಟ್ಟ ಕಟ್ಟುವ ಪದ್ಧತಿ ನಮ್ಮ ಕೆಲವು ಊರುಗಳಲ್ಲಿ ಇನ್ನೂ ಇದೆ. ಮೇಲಿನ ಕಟ್ಟದವನು ಕೆಳಗಿನವನ ಪಾಲನ್ನು ಬಿಡಬೇಕೆಂಬುದು ಅಲ್ಲಿ ಯಾರೂ ಬರೆದಿಡದ, ಎಲ್ಲರೂ ಬಲ್ಲ ನ್ಯಾಯ. ಒಂದು ತೋಡಿಗೆ ಸಲ್ಲುವ ನ್ಯಾಯ ಭೀಮೆಗೂ ಕೃಷ್ಣೆಗೂ ಸಲ್ಲಬೇಡವೆ?

ನಾವು ಕೇಳುವುದು ಹೆಚ್ಚೇನಲ್ಲ. ನೀರಿನ ಕೊರತೆಯ ಕೊಳ್ಳಗಳಲ್ಲಿ ಹೊಸ ಸಕ್ಕರೆ ಕಾರ್ಖಾನೆಗೂ ಎಥೆನಾಲ್ ಘಟಕಕ್ಕೂ ಪರವಾನಗಿ ಕೊಡಬಾರದು, ಇರುವವುಗಳ ಅರೆಯುವ ಶಕ್ತಿಯನ್ನು ಹೆಚ್ಚಿಸಲು ಬಿಡಬಾರದು. ಕಾಲುವೆಯ ನೀರನ್ನು ಎಕರೆಯ ಲೆಕ್ಕದಲ್ಲಲ್ಲ, ಅಳತೆಯ ಲೆಕ್ಕದಲ್ಲಿ ಹಂಚಬೇಕು, ಊರಿನ ಕುಡಿಯುವ ನೀರಿನ ಪಾಲು ಮೊದಲು ಹೋಗಬೇಕು. ಕಬ್ಬಿಗೆ ಕೊಟ್ಟ ಖಾತರಿಯನ್ನು ಜೋಳಕ್ಕೂ ಕಡಲೆಗೂ ಕೊಟ್ಟು, ಸರಕಾರ ಅವನ್ನು ಊರಿನಲ್ಲೇ ಕೊಂಡು ಅಲ್ಲಿಯ ರೇಷನ್ ಅಂಗಡಿಗೂ ಶಾಲೆಯ ಮಧ್ಯಾಹ್ನದ ಊಟಕ್ಕೂ ಕೊಡಬೇಕು. ಆಗ ಯಾರೂ ಬೇಡವೆನ್ನದೆಯೇ ರೈತನು ಅರ್ಧ ಕಬ್ಬನ್ನು ತಾನಾಗಿ ಬಿಟ್ಟಾನು. ಕೊನೆಯದಾಗಿ, ಹೇಳಿದ್ದರಲ್ಲೆಲ್ಲ ತುರ್ತಿನದಾಗಿ, ಕಬ್ಬು ಕಡಿಯುವವರನ್ನು ಕಾರ್ಖಾನೆಯ ಕೆಲಸಗಾರರೆಂದು ಪುಸ್ತಕದಲ್ಲಿ ಬರೆಯಬೇಕು. ಕೂಲಿ ಹೆಂಗಸಿನ ಕೈಗೇ ಬರಬೇಕು, ಕತ್ತಿಯ ಲೆಕ್ಕ ಹೋಗಬೇಕು, ರಜೆಗೆ ದಂಡ ಹಾಕುವ ಪದ್ಧತಿ ಅಪರಾಧವೆನಿಸಬೇಕು.

ಬೆಳಗಾವಿ, ಬಾಗಲಕೋಟೆಗಳಿರುವ ಕರ್ನಾಟಕವೂ ಇದರಿಂದ ನುಣುಚಿಕೊಳ್ಳುವಂತಿಲ್ಲ. ಮಹಾರಾಷ್ಟ್ರದೊಡನೆ ಗಡಿಯ ಹಳ್ಳಿಗಳಿಗಾಗಿ ವಾದಿಸುವ ಸರಕಾರ ತನ್ನ ಹೊಲಗಳಿಗೆ ಕಬ್ಬು ಕಡಿಯಲು ಬರುವ ಆಚೆಯ ಹೆಂಗಸರಿಗೆ ನೆರಳನ್ನೂ ನೀರನ್ನೂ ಕೊಟ್ಟು ತೋರಿಸಲಿ. ಅದಕ್ಕಿಂತ ಬಲವಾದ ವಾದ ಬೇರೆ ಇಲ್ಲ.

ಸಕ್ಕರೆ ತಿನ್ನಬೇಡಿ ಎಂದು ನಾವು ಹೇಳುತ್ತಿಲ್ಲ. ಮನೆಗೆ ಬಂದವರಿಗೆ ಬೆಲ್ಲವನ್ನೂ ನೀರನ್ನೂ ಕೊಡುವ ಮರ್ಯಾದೆ ಉಳಿಯಲಿ. ಆ ಬೆಲ್ಲದ ಕಬ್ಬನ್ನು ಕಡಿದವಳಿಗೂ ಒಂದು ಚೆಂಬು ನೀರು ಸಿಗುವ ವರೆಗೆ ನಮ್ಮ ಮರ್ಯಾದೆ ಪೂರ್ತಿಯಾಗದು ಎಂಬುದಷ್ಟೇ ನಮ್ಮ ಅಭಿಮತ.